ಮಂಜುಗಡ್ಡೆಯ ಮೇಲೆ ಬಂದರೆ ಮಾತ್ರ

"ನಾನು ಇವತ್ತು ಬಂದಿದ್ದು ಲೆಕ್ಕಕ್ಕಿಲ್ಲ, ಹೆಲ್ವೆ! ದಯವಿಟ್ಟು ಇದನ್ನ ಲೆಕ್ಕಕ್ಕೆ ಹಿಡೀಬೇಡ!"

ಹಡಗಿನಿಂದ ವರಿಲೈದ್ ದ್ವೀಪದ ಧಕ್ಕೆಗೆ ಇಳಿದವನು ಆಡಿದ ಮೊದಲ ಮಾತು ಇದು. ಎರಡು ವರ್ಷಗಳ ನಂತರ! ಯಾರಾದರೂ ಹೀಗೆ ಮಾತು ಶುರುಮಾಡುತ್ತಾರೆಯೇ?

ಹೆಲ್ವೆ ಹಿಟ್ಟಿನ ಮೂಟೆ ಇಳಿಸಿಕೊಳ್ಳಲು ಬಂದಿದ್ದಳು. ಜನವರಿ ತಿಂಗಳಾದರೂ ಮಳೆ ಜಿನುಗುತ್ತಿತ್ತು. ಎದುರಿಗೆ ನಿಂತಿದ್ದ ರನ್ನೊನ ಮುಖವನ್ನು ಅವಳು ನೋಡಿದಳು. ಅದೇ ಉದ್ದ ಮೂಗು, ಅದೇ ನೀಲಿ ಟೋಪಿ.

'ಈಗ ನನಗೆ ಸಿಟ್ಟು ಬರಬೇಕು... ಅಥವಾ ಅಳುವಾದರೂ ಬರಬೇಕು...' ಎಂದುಕೊಂಡಳು.

ಏನೂ ಬರಲಿಲ್ಲ. ಎದೆಯೊಳಗೆ ಕೈಹಾಕಿ ತಡಕಾಡಿದರೂ ಏನೂ ಸಿಗದಂತಿತ್ತು.

"ಸರಿ, ಹಿಡಿಯೋದಿಲ್ಲ. ದಾರಿ ಬಿಡು, ಮೂಟೆ ನೆನೀತಿದೆ," ಎಂದಳು.

ರನ್ನೊ ಟ್ಯಾಲಿನ್ ನಗರದ ಹವಾಮಾನ ಕಚೇರಿಯವನು. ಪ್ರತಿ ಬೆಳಿಗ್ಗೆ ರೇಡಿಯೋದಲ್ಲಿ ಕಡಲಿನ ಹವಾಮಾನ ಓದುವ ದನಿ ಅವನದೇ. ಹೆಲ್ವೆಯದು ಮಂಜುದಾರಿಯ ಕೆಲಸ. ಚಳಿಗಾಲದಲ್ಲಿ ದ್ವೀಪಕ್ಕೂ ಆಚೆ ದಡಕ್ಕೂ ನಡುವಿನ ಕಡಲು ಹೆಪ್ಪುಗಟ್ಟಿದಾಗ ಮಂಜುಗಡ್ಡೆ ಕೊರೆದು ದಪ್ಪ ನೋಡುವುದು, ಅದು ಒಂದು ಗೇಣು ದಾಟಿದರೆ ದಾರಿಯುದ್ದಕ್ಕೂ ಜುನಿಪರ್ ಪೊದೆಯ ಕೊಂಬೆಗಳನ್ನು ನೆಡುವುದು. ಆ ಕೊಂಬೆಗಳ ಗುರುತು ಹಿಡಿದು ಕಾರುಗಳು ಕಡಲ ಮೇಲೆ ಓಡಾಡುತ್ತವೆ. ಅವಳ ಅಪ್ಪ ಕಾಲ್ಯೊ ಮಂಡಿ ಸೋತು ಕುಳಿತ ಮೇಲೆ ಆ ಕೆಲಸ ಇವಳಿಗೆ ಬಂದಿತ್ತು.

ಎರಡು ವರ್ಷದ ಹಿಂದೆ ಮಂಜುಗಡ್ಡೆ ಅಳೆಯಲು ಬಂದ ರನ್ನೊ, ಚಳಿಗಾಲವಿಡೀ ಅವಳ ಜೊತೆ ಕೊಂಬೆ ಹೊತ್ತಿದ್ದ. ದಾರಿ ಮುಚ್ಚಿದ ದಿನ ಹೇಳಿದ್ದ, "ಮುಂದಿನ ವರ್ಷ ದಾರಿ ತೆರೆದ ದಿನವೇ ಬರ್ತೀನಿ. ಬಂದು ಒಂದು ಮಾತು ಕೇಳ್ತೀನಿ."

ಮುಂದಿನ ವರ್ಷ ಕಡಲು ಹೆಪ್ಪುಗಟ್ಟಲೇ ಇಲ್ಲ. ಚಳಿಗಾಲವಿಡೀ ಮಳೆ. ದಾರಿ ತೆರೆಯಲಿಲ್ಲ, ಅವನೂ ಬರಲಿಲ್ಲ. ಆದರೆ ಹಡಗು ದಿನವೂ ಬರುತ್ತಿತ್ತಲ್ಲ! ಬರುವ ಮನಸ್ಸಿದ್ದವನಿಗೆ ಹಡಗು ಸಾಲದೇ?

ಹೆಲ್ವೆ ದಿನವೂ ಧಕ್ಕೆಗೆ ಹೋದಳು. ಮೊದಮೊದಲು ಅತ್ತಳು. ಆಮೇಲೆ ಅಳುವೂ ನಿಂತಿತು. ರೇಡಿಯೋದಲ್ಲಿ ಅವನ ದನಿ ಕೇಳಿದರೆ ಬೆಲೆಪಟ್ಟಿ ಕೇಳಿದಷ್ಟೇ ಅನ್ನಿಸತೊಡಗಿತು.

"ಧಕ್ಕೆಗೆ ಹೊಸ ಅಳತೆ ಯಂತ್ರ ಹಾಕೋಕೆ ಕಳಿಸಿದ್ದಾರೆ. ಬರೀ ಕಚೇರಿ ಕೆಲಸ," ರನ್ನೊ ಅವಳ ಹಿಂದೆಯೇ ಬಂದ. "ನೀನು ಹೇಗಿದ್ದೀಯ?"

"ಚೆನ್ನಾಗಿದ್ದೀನಿ. ತಿಂಗಳ ಕೊನೆಗೆ ಫಿನ್ಲೆಂಡಿಗೆ ಹೋಗ್ತಿದ್ದೀನಿ. ಮೀನಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಇಲ್ಲಿ ಮಂಜೂ ಇಲ್ಲ, ದಾರಿನೂ ಇಲ್ಲ."

ರನ್ನೊನ ಮುಖ ಬಿಳಿಚಿತು. "ತಿಂಗಳ ಕೊನೆಗಾ? ಬೇಡ... ಇನ್ನು ಸ್ವಲ್ಪ ದಿನ ತಡಿ! ಚಳಿ ಬರಬಹುದು!"

"ಈ ಮಳೇಲಾ?"

"ಉತ್ತರ ಧ್ರುವದ ಮೇಲೆ, ವಿಮಾನ ಹಾರೋ ಎತ್ತರಕ್ಕಿಂತ ಎಷ್ಟೋ ಮೇಲೆ, ಗಾಳಿ ಇದ್ದಕ್ಕಿದ್ದಂತೆ ಬಿಸಿಯಾಗಿದೆ. ನಾಲ್ಕೇ ದಿನದಲ್ಲಿ ಐವತ್ತು ಡಿಗ್ರಿ ಏರಿದೆ ಹೆಲ್ವೆ!"

"ಬಿಸಿಯಾದ್ರೆ ಇಲ್ಲಿ ಚಳಿ ಹೇಗೆ ಬರುತ್ತೆ? ಪಟ್ಟಣದಲ್ಲಿ ಹೀಗೇ ಕಲಿಸ್ತಾರಾ?"

"ಕೇಳು. ಅಲ್ಲಿ ಮೇಲೆ ಗಾಳಿ ಧ್ರುವದ ಸುತ್ತ ಬೇಲಿ ಹಾಕಿದ ಹಾಗೆ ಸುತ್ತುತ್ತಿರುತ್ತೆ. ಗಾಳಿ ಜೋರಾಗಿದ್ರೆ ಚಳಿಯೆಲ್ಲ ದನದ ಥರ ದೊಡ್ಡಿಯೊಳಗೇ ಇರುತ್ತೆ, ನಮಗೆ ಪಡುವಣ ಗಾಳಿ, ಮಳೆ. ಹೋದ ವರ್ಷ ಆಗಿದ್ದು ಅದೇ. ಈಗ ಆ ಬಿಸಿಗೆ ಬೇಲಿ ಮುರಿದಿದೆ. ಎರಡು ಮೂರು ವಾರದಲ್ಲಿ ಚಳಿ ಕೆಳಗಿಳಿದು ಹೊರಗೆ ನುಗ್ಗುತ್ತೆ."

"ನುಗ್ಗೇ ನುಗ್ಗುತ್ತಾ?"

ಅವನು ತಡವರಿಸಿದ. ಸುಳ್ಳು ಹೇಳಲು ಬಾರದ ಪ್ರಾಣಿ. "ಯಾವ ಕಡೆಗೆ ಅಂತ ಹೇಳೋಕಾಗಲ್ಲ. ನಮ್ಮ ಕಡೆ ಬರಬಹುದು... ಅಮೆರಿಕದ ಕಡೆ ಹೋಗಲೂಬಹುದು. ಕೆಲವು ಸಲ ಎಲ್ಲೂ ಬರೋದಿಲ್ಲ."

"ಬರಬಹುದು..." ಹೆಲ್ವೆ ಆ ಮಾತನ್ನೇ ಮತ್ತೆ ಹೇಳಿದಳು. "ನಿನ್ನ ಬಾಯಲ್ಲಿ ಅದೊಂದೇ ಮಾತು. ನಿನ್ನ ಚಳಿ ಬಂದ್ರೆ ನನಗೇನು, ಬಿಟ್ರೆ ನನಗೇನು?"

ಅವನು ಹಡಗಿನ ಕಡೆ ನೋಡಿ ತಲೆ ತಗ್ಗಿಸಿದ. "ಅದನ್ನ ಈಗ ಹೇಳೋ ಹಾಗಿಲ್ಲ."

ಸಂಜೆ ಅದೇ ಹಡಗಿನಲ್ಲಿ ವಾಪಸ್ ಹೊರಟುಹೋದ. ಹೆಲ್ವೆ ನೋಡಲು ಹೋಗಲಿಲ್ಲ. ಮೂಟೆ ಬಿಚ್ಚಿ ರೊಟ್ಟಿಗೆ ಹಿಟ್ಟು ಕಲಸಿದಳು.

ಮರುದಿನ ಅಂಗಡಿಯ ಸಾಲ್ಮೆ ಅತ್ತೆ ಬಿಟ್ಟಾಳೆಯೇ? "ಏನೇ ಹುಡುಗಿ, ರೇಡಿಯೋದವನು ಬಂದಿದ್ನಂತೆ! ಕರು ಹುಡುಕ್ಕೊಂಡು ಬಂದಿದ್ನಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಈ ಕಡೆ ಹೆಣ್ಣು ಕೇಳಲು ಬಂದವರು ನೇರವಾಗಿ ಹೆಣ್ಣು ಕೇಳುವುದಿಲ್ಲ. ಕೈಯಲ್ಲಿ ಬಾಟಲಿ ಹಿಡಿದು ಬಂದು, 'ನಮ್ಮ ಕರು ತಪ್ಪಿಸಿಕೊಂಡಿದೆ, ಇಲ್ಲಿಗೆ ಬಂತಾ?' ಎನ್ನುತ್ತಾರೆ. ಕೇಳಿಸಿಕೊಂಡವರಿಗೆ ಅರ್ಥವಾಗುತ್ತದೆ.

"ಇಲ್ಲ ಅತ್ತೆ, ಥರ್ಮಾಮೀಟರ್ ಹಾಕೋಕೆ ಬಂದಿದ್ದ," ಎಂದಳು ಹೆಲ್ವೆ. ಅವಮಾನವಾಗಬೇಕಿತ್ತು. ಅದೂ ಆಗಲಿಲ್ಲ.

ಒಂದು ವಾರ ಕಳೆಯಿತು. ಮಳೆ. ಎರಡನೆಯ ವಾರವೂ ಮಳೆ. 'ಬಿಸಿಯಿಂದ ಚಳಿ ತರುವವನು' ಎಂದು ಊರಿನವರು ರನ್ನೊನಿಗೆ ಹೆಸರಿಟ್ಟು ನಕ್ಕಿದ್ದೇ ನಕ್ಕಿದ್ದು. ಹೆಲ್ವೆ ಪೆಟ್ಟಿಗೆ ಕಟ್ಟಿದಳು.

ಹೊರಡುವ ಹಿಂದಿನ ಮಧ್ಯಾಹ್ನ ಹಬೆಸ್ನಾನದ ಸೌನಾ ಮನೆಗೆ ಸೌದೆ ಒಟ್ಟುತ್ತಿದ್ದವಳು ಸುಮ್ಮನೆ ತಲೆಯೆತ್ತಿದಳು. ಚಳಿಗಾಲದುದ್ದಕ್ಕೂ ಕಾಡಿನ ಕಡೆ ಬಾಗುತ್ತಿದ್ದ ಚಿಮಣಿಯ ಹೊಗೆ ಇವತ್ತು ಕಡಲಿನ ಕಡೆ ಬಾಗಿತ್ತು.

ಮೂಡಣ ಗಾಳಿ!

ಕತ್ತಲಾಗುವಷ್ಟರಲ್ಲಿ ಬಕೆಟ್ಟಿನ ನೀರು ಕಲ್ಲಾಯಿತು. ಬೆಳಗಾಗುವಷ್ಟರಲ್ಲಿ ದಡದಂಚಿಗೆ ಬೂದು ಮಂಜುಗಡ್ಡೆ ಕೂತಿತ್ತು. ಇವತ್ತಿನದೇ ಕೊನೆಯ ಹಡಗು ಎಂದು ಧಕ್ಕೆಯಿಂದ ಹೇಳಿಕಳಿಸಿದರು.

ಪಂಚಾಯಿತಿಯಿಂದಲೂ ಫೋನ್ ಬಂತು. "ದಾರಿ ಗುರುತು ಮಾಡೋಕೆ ಯಾರೂ ಇಲ್ಲಮ್ಮ. ನೀನು ಇರ್ತೀಯಾ, ಹೋಗ್ತೀಯಾ?"

ಹೆಲ್ವೆ ಪೆಟ್ಟಿಗೆಯನ್ನು ನೋಡಿದಳು. ಮೂಲೆಯಲ್ಲಿದ್ದ ಕೊರೆಯುವ ಸಲಕರಣೆಯನ್ನೂ ನೋಡಿದಳು. 'ಅವನಿಗಾಗಿ ಅಲ್ಲ,' ಎಂದು ತನಗೆ ತಾನೇ ಹೇಳಿಕೊಂಡಳು. 'ಕೆಲಸಕ್ಕಾಗಿ ಅಷ್ಟೇ.'

"ಇರ್ತೀನಿ," ಎಂದಳು.

ಹಡಗು ಅವಳನ್ನು ಬಿಟ್ಟು ಹೋಯಿತು.

ಕಾಲ್ಯೊ ಕಾಫಿ ಬಟ್ಟಲು ಹಿಡಿದು ಕಿಟಕಿಯಿಂದ ನೋಡುತ್ತಿದ್ದವನು ಮೆಲ್ಲನೆ ಕೇಳಿದ, "ಮಗಳೇ, ಕೊಂಬೆ ಕಡಿಯೋಕೆ ನಾನೂ ಬರಲಾ?"

"ಮಂಡಿ?"

"ಮಂಡಿ ಹಾಳಾಗ್ಲಿ."

ಚಳಿ ಬಿಡಲಿಲ್ಲ. ಕಡಲು ದಿನದಿನಕ್ಕೂ ಬಿಗಿಯಿತು. ಮಂಜುಗಡ್ಡೆ ಒಂದು ಗೇಣು ದಾಟಿದ ದಿನ ಹೆಲ್ವೆ ಈ ದಡದಿಂದ ಹೊರಟಳು. ಅಪ್ಪ ಹಿಂದೆ ಜಾರುಬಂಡಿ ತಳ್ಳುತ್ತಾ ಬಂದ. ಕೊರೆ, ಅಳೆ, ಕೊಂಬೆ ನೆಡು, ತೂತಿಗೆ ನೀರು ಹುಯ್ಯಿ, ಅದು ಹೆಪ್ಪುಗಟ್ಟಿದರೆ ಕೊಂಬೆ ಭದ್ರ. ಒದ್ದೆಯಾದ ಕೈಗವಸು ಬಿರುಸಾಯಿತು. ಬೆರಳುಗಳು ಮರಗಟ್ಟಿದವು. ಅವಳಿಗೆ ಅದೂ ತಿಳಿಯಲಿಲ್ಲ.

ಆಚೆ ದಡದವರೂ ಹೀಗೆಯೇ ನೆಡುತ್ತಾ ಬರುತ್ತಾರೆ. ಎರಡು ಸಾಲೂ ಕಡಲ ನಡುವೆ ಕೂಡಬೇಕು. ನಡುವಿನ ಕೊಂಬೆಯನ್ನು ಎರಡೂ ದಡದವರು ಸೇರಿ ಹಿಡಿದು ನೆಡಬೇಕು. ಆಗಲೇ ದಾರಿ ತೆರೆದಂತೆ.

ಆಚೆಯಿಂದ ಬರುತ್ತಿದ್ದ ಗುಂಪಿನ ಮುಂದೆ ನೀಲಿ ಟೋಪಿಯೊಂದು ಕಂಡಿತು. ಅದನ್ನು ಹಾಕಿದ್ದವನು ಹೆಗಲ ತುಂಬ ಕೊಂಬೆ ಹೊತ್ತಿದ್ದ.

ಹೆಲ್ವೆ ನಿಂತುಬಿಟ್ಟಳು.

"ನೀನು ಹೋಗದೆ ಉಳಿದೆ ಅಂತ ಗೊತ್ತಾಯ್ತು, ಕಚೇರಿಗೆ ರಜೆ ಹಾಕಿದೆ," ರನ್ನೊ ಏದುಸಿರು ಬಿಡುತ್ತಾ ಬಂದ. ಗಡ್ಡದ ತುಂಬ ಮಂಜು. "ಇವತ್ತು ಬಂದಿದ್ದು ಲೆಕ್ಕಕ್ಕಿದೆ, ಹೆಲ್ವೆ! ಮಂಜುಗಡ್ಡೆಯ ಮೇಲೆ ಬಂದಿದ್ದೀನಿ!"

"ಏನು ಹೇಳ್ತಿದ್ದೀಯ ನೀನು?"

"ನಿಮ್ಮ ದ್ವೀಪದಲ್ಲಿ ಹೆಣ್ಣು ಕೇಳೋನು ದೋಣಿಯಲ್ಲಿ ಬಂದ್ರೆ ಆಗಲ್ಲ, ಮಂಜುಗಡ್ಡೆಯ ಮೇಲೆ ನಡೆದುಬಂದ್ರೆ ಮಾತ್ರ ಅವನ ಮಾತಿಗೆ ಬೆಲೆ ಅಂತ... ನಿಮ್ಮಪ್ಪಾನೇ ಹೇಳಿದ್ರು! ಅದಕ್ಕೇ ಹೋದ ವರ್ಷ ಇಡೀ ಚಳಿಗಾಲ ಕಾದೆ. ಹಡಗು ಹತ್ತೋ ಧೈರ್ಯ ಬರಲಿಲ್ಲ."

ಹೆಲ್ವೆ ನಿಧಾನವಾಗಿ ಹಿಂತಿರುಗಿದಳು. "ಅಪ್ಪಾ?"

ಜಾರುಬಂಡಿಯ ಹಿಂದೆ ಕಾಲ್ಯೊ ಅಡಗಲು ಜಾಗ ಹುಡುಕುತ್ತಿದ್ದ. "ಅದು ನಮ್ಮಜ್ಜನ ಕಾಲದ ಮಾತು ಮಗಳೇ! ಸೌನಾದಲ್ಲಿ ಕೂತು ಬಿಯರ್ ಕುಡೀತಾ ಏನೋ ತಮಾಷೆಗೆ ಅಂದೆ... ನಾನೇ ನಿನ್ನ ತಾಯಿನ ಕೇಳೋಕೆ ದೋಣೀಲಿ ಹೋಗಿದ್ದು! ಈ ಮಹಾಶಯ ನಿಜ ಅಂದ್ಕೋತಾನೆ ಅಂತ ನನಗೇನು ಗೊತ್ತು?"

ಹೆಲ್ವೆ ರನ್ನೊನ ಕಡೆ ತಿರುಗಿದಳು.

"ಒಂದು ಮಾತು ಹೇಳಿಕಳಿಸಬಹುದಿತ್ತಲ್ಲ," ಹೆಲ್ವೆಯ ದನಿ ತಣ್ಣಗಿತ್ತು.

"ಹೇಳಿದೆನಲ್ಲ... ದಿನಾ ಹೇಳಿದೆ. ರೇಡಿಯೋದಲ್ಲಿ."

ಅವಳಿಗೆ ನೆನಪಾಯಿತು. ಕಡಲಿನ ಹವಾಮಾನ ಮುಗಿದ ಮೇಲೆ ಒಂದು ಸಾಲು ಇರುತ್ತಿತ್ತು. 'ಧ್ರುವದ ಮೇಲೆ ಗಾಳಿ ಇನ್ನೂ ಬಲವಾಗಿಯೇ ಬೀಸುತ್ತಿದೆ.' ಮೀನುಗಾರರೆಲ್ಲ ನಗುತ್ತಿದ್ದರು, ಈ ಧ್ರುವ ಯಾರಿಗೆ ಬೇಕು ಎಂದು. ಅವಳೂ ರೇಡಿಯೋ ಆರಿಸಿಬಿಡುತ್ತಿದ್ದಳು.

"ಅದು... ನನಗಾ?"

"ಮತ್ತೆ ಯಾರಿಗೆ? ಬೇಲಿ ಗಟ್ಟಿಯಾಗಿದೆ, ಚಳಿ ಇಳಿಯೋದಿಲ್ಲ, ಬರೋಕಾಗ್ತಿಲ್ಲ ಅಂತ. ಆ ಸಾಲು ಸೇರಿಸಿದ್ದಕ್ಕೆ ಮೇಲಿನವರ ಹತ್ತಿರ ಬೈಸಿಕೊಂಡೆ!"

ಹೆಲ್ವೆಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಒಂದು ವರ್ಷ! ಈ ಪೆದ್ದ ಒಂದು ವರ್ಷ ಆಕಾಶ ನೋಡುತ್ತಾ ಕೂತಿದ್ದ, ತಾನು ಧಕ್ಕೆ ನೋಡುತ್ತಾ ಕೂತಿದ್ದಳು.

"ಈ ಸಲವೂ ಚಳಿ ಬರದೇ ಹೋಗಿದ್ರೆ?" ಎಂದು ಕೇಳಿದಳು.

ರನ್ನೊ ಯೋಚಿಸಿದ. "ನಿನ್ನ ಹಿಂದೆ ಫಿನ್ಲೆಂಡಿಗೇ ಬರೋಣ ಅಂತ ನಾಳೆ ಹೆಲ್ಸಿಂಕಿಯ ಹಡಗು ಹತ್ತೋನಿದ್ದೆ. ದೋಣಿಯಲ್ಲಿ ಬಂದವನು ಅಂತ ನೀನು ಓಡಿಸಿದ್ರೂ ಪರವಾಗಿಲ್ಲ ಅಂತ."

ಈ ಮಾತಿನಲ್ಲಿ 'ಬಹುದು' ಇರಲಿಲ್ಲ. ಹೆಲ್ವೆ ಅದನ್ನು ಗಮನಿಸಿದಳು.

ಅವನು ಕೋಟಿನೊಳಗಿಂದ ಬಾಟಲಿ ತೆಗೆದ. ಹಿಂದೆ ಬಂದವರೆಲ್ಲ ಟೋಪಿ ತೆಗೆದರು.

"ನಮ್ಮ... ನಮ್ಮ ಕರು ಒಂದು ತಪ್ಪಿಸಿಕೊಂಡಿದೆ. ಈ ಕಡೆ ಬಂತಾ?"

ಕಾಲ್ಯೊ ಬಾಯಿ ತೆರೆಯುವ ಮೊದಲೇ ಹೆಲ್ವೆ ಕೈಯೆತ್ತಿ ತಡೆದಳು.

"ಬಂದಿದೆ," ಎಂದಳು. "ಎರಡು ವರ್ಷದಿಂದ ಇಲ್ಲೇ ನಿಂತಿದೆ. ಹುಡುಕೋನು ಆಕಾಶದಲ್ಲಿ ಹುಡುಕ್ತಿದ್ದ."

ನಡುವಿನ ಕೊಂಬೆಯನ್ನು ಇಬ್ಬರೂ ಸೇರಿ ನೆಟ್ಟರು. ಕಾಲ್ಯೊ ನೀರು ಹುಯ್ದ. ಅದು ಹೆಪ್ಪುಗಟ್ಟುವವರೆಗೆ ಕೊಂಬೆಯನ್ನು ಅಲುಗಾಡದಂತೆ ಹಿಡಿದುಕೊಂಡರು.

ಆಮೇಲೆ ರನ್ನೊ ಅವಳ ಬಿರುಸಾದ ಕೈಗವಸುಗಳನ್ನು ಎಳೆದು ತೆಗೆದು, ಆ ಬಿಳಿ ಬೆರಳುಗಳನ್ನು ತನ್ನ ಕೋಟಿನೊಳಗೆ ಎದೆಗೆ ಒತ್ತಿಕೊಂಡ.

ಮೊದಲು ಏನೂ ಅನ್ನಿಸಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳ ತುದಿಗಳು ಜುಮುಗುಟ್ಟಿದವು, ಆಮೇಲೆ ಉರಿದವು, ಆಮೇಲೆ ಆ ನೋವು ಮೊಣಕೈವರೆಗೆ ಏರಿ ಬಂತು. ಒಂದು ವರ್ಷದಿಂದ ಬಾರದಿದ್ದ ಕಣ್ಣೀರು ಆಗ ಬಂತು.

"ನೋಯ್ತಿದೆ ರನ್ನೊ... ತುಂಬಾ ನೋಯ್ತಿದೆ!"

"ಬಿಡಲಾ?"

"ಬಿಡಬೇಡ."