ತೇಗುವ ಪೌಚು

ಜುಲೈ ಎಂಟು, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಆಕ್ಷಿ ಒಂದು ಹೊಟ್ಟೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು. ಅದರ ಇನ್ನೊಂದು ತುದಿ ಅಮ್ಮನ ಕೈಯಲ್ಲಿತ್ತು.

ನಿಜವಾದ ಹೊಟ್ಟೆಯಲ್ಲ, ಹೊಟ್ಟೆಯ ಆಕಾರದ ಪೆನ್ಸಿಲ್ ಪೌಚು. ಗುಲಾಬಿ ಬಣ್ಣ, ಎರಡು ಪಿಳಿಪಿಳಿ ಕಣ್ಣು. ಬಾಯಿಯ ಜಿಪ್ ಎಳೆದರೆ "ಡ್ರ್ರ್" ಎಂದು ತೇಗುತ್ತಿತ್ತು.

"ಬಿಡೇ! ಅದು ಡಾಕ್ಟರಮ್ಮನಿಗೆ."

"ಅವರಿಗ್ಯಾಕಮ್ಮ ಪೆನ್ಸಿಲ್ ಪೌಚು? ಅವರೇನು ಐದನೇ ಕ್ಲಾಸಾ?"

ಅಮ್ಮ ಔಷಧಿ ಕಂಪನಿಯ ಮೆಡಿಕಲ್ ರೆಪ್. ಕ್ಲಿನಿಕ್ಕಿಂದ ಕ್ಲಿನಿಕ್ಕಿಗೆ ಹೋಗಿ ಡಾಕ್ಟರುಗಳಿಗೆ ತಮ್ಮ ಕಂಪನಿಯ ಔಷಧಿಗಳ ಬಗ್ಗೆ ಹೇಳುವುದು ಅವಳ ಕೆಲಸ. ಕೊಟ್ಟು ಮಿಕ್ಕಿದ ಗಿಫ್ಟುಗಳೆಲ್ಲ ಮನೆಗೆ ಬರುತ್ತಿದ್ದವು. ಹಾಗಾಗಿ ಆಕ್ಷಿಯ ಮನೆಯ ಗಡಿಯಾರ ಹಲ್ಲಿನ ಹಾಗಿತ್ತು, ದಿಂಬು ಕಿಡ್ನಿಯ ಹಾಗಿತ್ತು.

"ಇದು ಕೊಟ್ರೇನೇ ಅವರು ನಿಮ್ಮ ಔಷಧಿ ಬರೆಯೋದಾ?"

"ಛೇ! ಔಷಧಿ ಒಳ್ಳೇದು ಅಂತ ಬರೀತಾರೆ. ನಿನ್ನ ಎದೆಯೊಳಗಿನ ನಾಯಿಮರಿ ಯಾವುದರಿಂದ ಸುಮ್ಮನಾಯ್ತು, ಹೇಳು?"

ಆಕ್ಷಿಗೆ ಧೂಳು ತಾಗಿದರೆ ಹತ್ತು ಸೀನು. ಆ ಹೆಸರು ಬಂದದ್ದೇ ಹಾಗೆ. ಆಮೇಲೆ ಎದೆಯಲ್ಲಿ ನಾಯಿಮರಿಯ ಹಾಗೆ ಕುಂಯ್ ಕುಂಯ್.

"ನಿಮ್ಮ ಕಂಪನಿ ಇನ್‌ಹೇಲರಿಂದ. ಮತ್ತೆ, ಔಷಧಿ ಅಷ್ಟು ಒಳ್ಳೇದಾದ್ರೆ ಈ ಹೊಟ್ಟೆ ಯಾಕೆ?"

ಅಮ್ಮ ಪೌಚನ್ನು ಬ್ಯಾಗಿಗೆ ತುರುಕಿದಳು. "ಸುಮ್ನೆ ಕಣೆ. ನೆನಪಿರ್ಲಿ ಅಂತ."

ಶುಕ್ರವಾರ ಶಾಲೆಯ ಕಾರಿಡಾರಿನಲ್ಲಿ ಪೇಪರ್ ವಿಮಾನದ ಸ್ಪರ್ಧೆ. ಗೆದ್ದವರು ಮುಂದಿನ ವಾರ ಬೇರೆ ಶಾಲೆಗಳ ಜೊತೆ ಹಾರಿಸಬೇಕು. ಅಳೆಯುವವಳು ಆಕ್ಷಿ. ಕೂದಲೆಳೆಯಷ್ಟೂ ಬಿಡದೆ ಅಳೆಯುತ್ತಾಳೆಂದು ಟೀಚರ್ ಅವಳನ್ನೇ ಆರಿಸಿದ್ದರು. 'ಗೆರೆಯಿಂದ ವಿಮಾನದ ಬಾಲದವರೆಗೆ' ಎಂದು ಬೋರ್ಡಿನ ಮೇಲೆ ರೂಲ್ ಬರೆದವಳೂ ಅವಳೇ.

ಆ ಡಾಕ್ಟರಮ್ಮನ ಮಗನೂ ಅದೇ ಶಾಲೆ; ಕಡ್ಡಿಯ ಹಾಗೆ ಉದ್ದ, ತೆಳ್ಳಗೆ. ಎಲ್ಲರೂ ಅವನನ್ನು ಥರ್ಮಾಮೀಟರ್ ಎನ್ನುತ್ತಿದ್ದರು. ಅವನು ಹತ್ತಿರ ಬಂದು ಏನೋ ಚಾಚಿದ. ಗುಲಾಬಿ ಬಣ್ಣ. ಎರಡು ಪಿಳಿಪಿಳಿ ಕಣ್ಣು.

"ತಗೋ. ನಮ್ಮಮ್ಮನಿಗೆ ಯಾರೋ ಕೊಟ್ಟಿದ್ದು."

"ನಂಗ್ಯಾಕೆ?"

"ಸುಮ್ನೆ. ನೆನಪಿರ್ಲಿ ಅಂತ."

ಆಕ್ಷಿ ಜಿಪ್ ಎಳೆದಳು. ಡ್ರ್ರ್! ಖುಷಿಯಿಂದ ಅದನ್ನು ಕಂಕುಳಲ್ಲಿ ಇಟ್ಟುಕೊಂಡಳು.

ಮೊದಲು ವಿಮಾನ ಹಾರಿಸಿದವಳು ಮೆಣಸು. ಇಷ್ಟೇ ಇಷ್ಟು ಹುಡುಗಿ, ಬಾಯಿ ಮಾತ್ರ ಭಾರೀ ಖಾರ. ನಾಲ್ಕು ಮೀಟರ್ ಹದಿನೇಳು ಸೆಂಟಿಮೀಟರ್. ಆಮೇಲೆ ಥರ್ಮಾಮೀಟರ್ ಹಾರಿಸಿದ.

"ನಾಲ್ಕು ಮೀಟರ್ ಮೂವತ್ತು!" ಆಕ್ಷಿ ಕೂಗಿದಳು.

"ಏಯ್!" ಮೆಣಸು ನೆಗೆದು ಬಂದಳು. "ನನ್ನದು ಬಾಲದವರೆಗೆ, ಅವನದು ಮೂತಿವರೆಗಾ? ನಿನ್ನ ಟೇಪಿಗೆ ಏನೇ ತಿನ್ನಿಸಿದ್ದಾನೆ ಅವನು?"

"ನಾನೇನೂ ಮೋಸ ಮಾಡಿಲ್ಲ!"

ಮೋಸ ಮಾಡಬೇಕೆಂದು ಅವಳು ನಿಜವಾಗಿಯೂ ಅಂದುಕೊಂಡಿರಲಿಲ್ಲ. ಆದರೆ ಬಗ್ಗಿ ನೋಡಿದರೆ, ಅವಳೇ ಹಾಕಿದ ಚಾಕ್ ಗುರುತು ವಿಮಾನದ ಮೂತಿಯ ಕೆಳಗೇ ಇತ್ತು. ಅವಳ ಕೈ ಅವಳನ್ನು ಕೇಳದೆ ಅಲ್ಲಿಗೆ ಹೋಗಿತ್ತು.

ಮುಖ ಬಿಸಿಯಾಯಿತು. ಚಾಕ್ ಧೂಳಿಗೆ ಸೀನು ಬಂತು. ಎದೆಯೊಳಗೆ ನಾಯಿಮರಿ ಎದ್ದಿತು. ಆಕ್ಷಿ ಇನ್‌ಹೇಲರ್ ತೆಗೆದು ಉಸಿರೆಳೆದುಕೊಂಡು, ಹತ್ತರವರೆಗೆ ಎಣಿಸಿದಳು. ಸ್ವಲ್ಪ ಹೊತ್ತಿನಲ್ಲಿ ನಾಯಿಮರಿ ಮಲಗಿತು. ಪಾಪ, ಒಳ್ಳೆಯ ಔಷಧಿ.

ಇನ್‌ಹೇಲರಿನ ಮೇಲೆ ಕಂಪನಿಯ ಹೆಸರಿತ್ತು. ಪೌಚಿನ ಬೆನ್ನಿನ ಮೇಲೂ ಅದೇ ಹೆಸರು. ಅವಳು ಅದನ್ನು ನೋಡಿದಳು, ಇದನ್ನು ನೋಡಿದಳು. ಸಂಜೆ ಅಮ್ಮನನ್ನು ಇನ್ನೊಂದು ಸಲ ಕೇಳಬೇಕು.

ಇನ್‌ಹೇಲರನ್ನು ಜೇಬಿಗೆ ಹಾಕಿಕೊಂಡಳು. ಪೌಚನ್ನು ಥರ್ಮಾಮೀಟರಿನ ಕೈಗಿಟ್ಟಳು.

"ಇದನ್ನ ಹಿಡ್ಕೊಂಡು ಆ ಕಡೆ ಹೋಗಿ ನಿಂತ್ಕೋ. ಇನ್ನೂ ದೂರ. ಇನ್ನೂ!"

ಕಾರಿಡಾರಿನ ತುದಿಯಿಂದ "ಡ್ರ್ರ್" ಎಂದು ಕೇಳಿಸಿತು. ಯಾರೂ ನಗಲಿಲ್ಲ. ಮೆಣಸು ಮಾತ್ರ ನಕ್ಕಳು.

ಆಕ್ಷಿ ಮಂಡಿಯೂರಿ, ಟೇಪನ್ನು ಗೆರೆಯಿಂದ ಅವನ ವಿಮಾನದ ಬಾಲದ ತುದಿಯವರೆಗೆ ಬಿಗಿಯಾಗಿ ಎಳೆದಳು.

ನಾಲ್ಕು ಮೀಟರ್ ಹನ್ನೆರಡು ಸೆಂಟಿಮೀಟರ್.