ಸಟರ್ ಕ್ರೀಕಿನಲ್ಲಿ ಕಾಣೆಯಾದ ಬೋರಮಾಳ

ಡಬ್ಬಿ ಇತ್ತು. ಒಳಗೆ ಹತ್ತಿ ಇತ್ತು. ಬೋರಮಾಳ ಇರಲಿಲ್ಲ.

ಚನ್ನಬಸವ್ವ ಡಬ್ಬಿಯನ್ನು ಬೋರಲು ಮಾಡಿ ಮಂಚದ ಮೇಲೆ ಎರಡು ಸಲ ಕುಟ್ಟಿದರು. ಅತ್ತೆ ಹಾಕಿದ ಚಿನ್ನದ ಗುಂಡಿನ ಸರ, ಹುಬ್ಬಳ್ಳಿಯಿಂದ ಕೊರಳಲ್ಲೇ ಬಂದದ್ದು. ಮಗಳು ದೀಪಾಲಿ ಹಾಸಿಗೆ ಕೊಡವಿದಳು. ಏನೂ ಬೀಳಲಿಲ್ಲ.

ಊರ್ಮಿಳಾ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಇಲ್ಲಿಂದ ಎರಡು ಗಂಟೆ ದಾರಿಯ ಡಬ್ಲಿನ್ನಿನಲ್ಲಿ ಇವರ ಪಕ್ಕದ ಮನೆಯವಳು, ಕೋರ್ಟುಗಳಲ್ಲಿ ಕನ್ನಡದ ದುಭಾಷಿ. ವಾರವಿಡೀ ಬೇರೆಯವರ ಜಗಳವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊತ್ತು ಸಾಕಾಗಿತ್ತು. ಹಳೆಯ ಚಿನ್ನದ ಗಣಿಗಳ ಊರು ಸುತ್ತಿ, ಹಕ್ಕಿ ಜಿಂಕೆ ನೋಡಿಕೊಂಡು, ಎರಡು ದಿನ ಬಾಯಿ ಮುಚ್ಚಿಕೊಂಡಿರೋಣವೆಂದು ಇವರ ಜೊತೆ ಹೊರಟಿದ್ದಳು. ಎರಡನೇ ಬೆಳಗಿಗೇ ಇದು.

ಬೆಳಿಗ್ಗೆ ಏಳಕ್ಕೆ ಹೆಂಗಸರು ಮೂವರೂ ಮೊಮ್ಮಗಳು ಇಂಚರಾಳೂ ಹಳ್ಳದ ಕಡೆ ಹೋಗಿದ್ದರು. ಕಾಟೇಜಿನಲ್ಲಿ ಉಳಿದವನು ಡ್ರೈವರ್ ಸಿದ್ದರಾಜು, ವ್ಯಾನಿಗೆ ಬ್ಯಾಗು ತುಂಬಲು. ಅಳಿಯ ಅಚ್ಯುತ ತಾನೂ ಹಿಂದೆಯೇ ಹೊರಟು, ಹಕ್ಕಿ ನೋಡಿ, ಹಾಗೇ ಕಾಫಿ ತರಲು ಹೋದೆ ಎಂದ. ಅಂದ ಮೇಲೆ ಲೆಕ್ಕ ಸುಲಭವಾಯಿತು. ಯಾರೂ ಹೆಸರು ಹೇಳಲಿಲ್ಲ. ಎಲ್ಲರೂ ವ್ಯಾನಿನ ಕಡೆ ನೋಡಿದರು. ದೀಪಾಲಿ ಆಗಲೇ ಶೆರಿಫ್ ಆಫೀಸಿಗೆ, ಅಂದರೆ ಇಲ್ಲಿನ ಪೊಲೀಸಿಗೆ, ಫೋನು ಮಾಡಿದ್ದಳು. ಅರ್ಧ ಗಂಟೆಯಲ್ಲಿ ಡೆಪ್ಯುಟಿ ಬರುತ್ತಾನಂತೆ.

"It was a packrat, ಅಜ್ಜಿ," ಎಂದಳು ಕೊರಳಿಗೆ ಬೈನಾಕ್ಯುಲರು ನೇತುಹಾಕಿಕೊಂಡಿದ್ದ ಇಂಚರಾ. ಈ ಕಡೆಯ ಕಾಡಿಲಿಗೆ ಹೊಳೆಯುವ ವಸ್ತು ಕಂಡರೆ ಕದ್ದೊಯ್ಯುವ ಚಾಳಿ ಎಂದು ಗೋಡೆಯ ಮೇಲಿನ ಹಾಳೆಯಲ್ಲಿ ಬರೆದಿತ್ತು.

ಊರ್ಮಿಳಾ ಡಬ್ಬಿ ಕೈಗೆತ್ತಿಕೊಂಡಳು. ಮುಚ್ಚಳ ತಿರುಪಿನದು. ಇಲಿ ಕದಿಯಬಹುದು, ತಿರುಪು ಬಿಚ್ಚಿ ಕದ್ದು, ಮತ್ತೆ ತಿರುಪಿ ಇಡುವ ಇಲಿ ಗಣಿನಾಡಿನಲ್ಲೂ ಇರಲಾರದು.

* * *

ಸಿದ್ದರಾಜು ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದ. ಚಾಮರಾಜನಗರದ ಕಡೆಯವನು, ನಲವತ್ತೈದು ದಾಟಿದವನು. ವಾರದ ದಿನ ಮಿಲ್ಪಿಟಾಸಿನಲ್ಲಿ ಡೇಕೇರಿನ ವ್ಯಾನು, ಶನಿವಾರ ಭಾನುವಾರ ಹೀಗೆ ನಮ್ಮವರ ಟ್ರಿಪ್ಪು.

"ನಾ ಮುಟ್ನಿಲ್ಲ ಕಣಕ್ಕ," ಎಂದ. "ಮುಂದಿನ್ ತಿಂಗ್ಳು ಗ್ರೀನ್ ಕಾರ್ಡಿನ ಇಂಟ್ರ್ಯೂ. ಪೊಲೀಸ್ನೋರ ಪುಸ್ತಕಕ್ಕೆ ನನ್ ಹೆಸ್ರು ಹೋದ್ರೆ ಮುಗೀತು."

ಊರ್ಮಿಳಾಗೆ ಅದು ಗೊತ್ತಿತ್ತು. ಅಂಥವರ ಪಕ್ಕದಲ್ಲಿ ನಿಂತು ಅವರ ಮಾತನ್ನು ಅವಳೇ ಎಷ್ಟೋ ಸಲ ಇಂಗ್ಲಿಷಿನಲ್ಲಿ ಹೇಳಿದ್ದಳು. ಈಗಲೂ ಡೆಪ್ಯುಟಿಯ ಎದುರು ಇವನ ಮಾತು ಹೇಳಬೇಕಾದವಳು ತಾನೇ.

ಬೇರೆ ಯಾರನ್ನಾದರೂ ಕಂಡೆಯಾ ಎಂದು ಕೇಳಿದಳು. ಇಲ್ಲ, ತಾನು ವ್ಯಾನಿನ ಒಳಗೇ ಇದ್ದೆ, ಕಾಟೇಜಿನ ಹಿಂಬಾಗಿಲು ಅಲ್ಲಿಂದ ಕಾಣುವುದಿಲ್ಲ ಎಂದ. ತನಗೇ ಮುಳುವಾಗುವ ನಿಜವನ್ನು ಮುಚ್ಚಿಡದೆ ಹೇಳಿದ.

* * *

ಅಚ್ಯುತ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಮೈಸೂರಿನವನು, ಕಂಪ್ಯೂಟರ್ ಚಿಪ್ ಕಂಪನಿಯ ಇಂಜಿನಿಯರು. ಹೆಗಲಲ್ಲಿ ಬೈನಾಕ್ಯುಲರಿನ ಚೀಲ.

ಊರ್ಮಿಳಾ ಪಕ್ಕದಲ್ಲಿ ಕೂತು, ಸುಸ್ತಾದವಳ ಹಾಗೆ, ಹಳ್ಳದ ಹತ್ತಿರ ಏನೇನು ಕಂಡಿತು ಎಂದು ವಿಚಾರಿಸಿದಳು. ನಟಿಸಬೇಕಾಗಿರಲಿಲ್ಲ, ಸುಸ್ತಾಗಿಯೇ ಇತ್ತು.

"ಗೂಬೆ ನೋಡಿದ್ನಲ್ಲ. ನಿಮ್ಮ ಹಿಂದೇನೇ ಇದ್ದೆ," ಎಂದ.

"ಎಲ್ಲಿ ಕೂತಿತ್ತು?"

"ಅಲ್ಲೇ, ಗಿಡದ ಮೇಲೆ. ಹಳ್ಳದ ಪಕ್ಕ ಒಂದು ಪುಟ್ಟ ಗಿಡ ಇತ್ತಲ್ಲ, ಇಷ್ಟೆತ್ತರ." ಎದೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದ. "ಅಷ್ಟು ಹತ್ತಿರದಿಂದ ನೋಡಿದ್ದು ಫಸ್ಟ್ ಟೈಮು."

ಊರ್ಮಿಳಾ ಎದ್ದಳು. ಎಲ್ಲರನ್ನೂ ಜಗಲಿಗೆ ಕರೆದಳು.

* * *

ಚನ್ನಬಸವ್ವ ಬೆಳಿಗ್ಗೆ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ ಧ್ವನಿ ಮೆಸೇಜನ್ನು ಊರ್ಮಿಳಾ ದೀಪಾಲಿಯ ಫೋನಿನಲ್ಲಿ ಹಾಕಿಸಿದಳು. ಮುದುಕಿಯ ದನಿ ಬಂತು: "ಗಿಡದ ಮ್ಯಾಲ ದೊಡ್ಡ ಗೂಗಿ ಕುಂತೈತಿ, ಲಗೂನ ಬರ್ರಿ."

"ಎಷ್ಟು ಎತ್ತರದ ಗಿಡ ಅಮ್ಮ?" ಎಂದು ಊರ್ಮಿಳಾ ಕೇಳಿದಳು.

"ಮೂರು ಅಂತಸ್ತಿನ ಮನಿ ಅಷ್ಟು. ನೋಡಿ ನೋಡಿ ಕುತಗಿ ಹಿಡದೈತಿ."

"ಅದು ಓಕ್ ಮರ," ಎಂದಳು ಊರ್ಮಿಳಾ. "ಹುಬ್ಬಳ್ಳಿ ಕಡೆ ಮರಕ್ಕೂ ಗಿಡ ಅಂತಾರೆ. ಮೈಸೂರಲ್ಲಿ ಗಿಡ ಅಂದ್ರೆ ಪುಟ್ಟದು. ಅಚ್ಯುತ, ನೀವು ಗೂಬೆ ನೋಡಿಲ್ಲ. ಹಿಂಬಾಗಿಲಿಂದ ಕಾಟೇಜಿಗೆ ಬಂದ್ರಿ, ಈ ಮೆಸೇಜು ಕೇಳಿದ್ರಿ, ಅಷ್ಟೇ. ಹನ್ನೆರಡು ವರ್ಷದಿಂದ ಅತ್ತೆ ಮಾತು ಕೇಳ್ತಿದ್ದೀರಿ, ಕಿವಿಗೆ ಹಾಕ್ಕೊಂಡಿಲ್ಲ."

ಅಚ್ಯುತ ನಗಲು ನೋಡಿದ. ಆಗಲಿಲ್ಲ.

ಉಳಿದದ್ದನ್ನೂ ಅವಳೇ ಹೇಳಿದಳು. ನಿನ್ನೆ ಸಂಜೆ ಊರಿನ ಚಿನ್ನದಂಗಡಿಯಲ್ಲಿ ಒರೆಗಲ್ಲು ನೋಡಿ ಚನ್ನಬಸವ್ವ ಹಿಗ್ಗಿದ್ದರು, ನಾಳೆ ಹತ್ತಕ್ಕೆ ತನ್ನ ಸರ ಉಜ್ಜಿಸಿ ನೋಡುತ್ತೇನೆ ಎಂದಿದ್ದರು. ಅದಕ್ಕೆಂದೇ ರಾತ್ರಿ ಬಿಚ್ಚಿ ಒರೆಸಿ ಡಬ್ಬಿಗೆ ಹಾಕಿದ್ದು. ಕದ್ದು ಮಾರುವವನಿಗೆ ಹತ್ತು ಗಂಟೆಯ ಅವಸರವಿಲ್ಲ. ಅವಸರ, ಸರ ಕಲ್ಲಿಗೆ ತಾಗಬಾರದು ಎನ್ನುವವನಿಗೆ. ಇನ್ನೊಂದು ಮಾತು: ಬೈನಾಕ್ಯುಲರು ಇಂಚರಾಳ ಕೊರಳಲ್ಲಿದೆ, ಅಪ್ಪನ ಹೆಗಲ ಚೀಲ ಯಾಕೆ ಉಬ್ಬಿದೆ?

ಅಚ್ಯುತ ಚೀಲ ತೆರೆದ. ಬೋರಮಾಳ ಹೊರಬಂತು, ಜೊತೆಗೆ ನಿಜವೂ.

ಹೋದ ತಿಂಗಳು ದಾರ ಬದಲಿಸಿ ಪೋಣಿಸಲು ಒಯ್ದವನು ಅದನ್ನು ಕಾರಿನ ಸೀಟಿನ ಮೇಲೆ ಬಿಟ್ಟಿದ್ದ. ಪಾರ್ಕಿಂಗಿನಲ್ಲಿ ಯಾರೋ ಗಾಜು ಒಡೆದು ಸರ ಒಯ್ದರು. ಹೇಳಲು ಹೆದರಿ, ಅಂಥದ್ದೇ ಗಿಲೀಟಿನದು ತಂದು ಕೊಟ್ಟಿದ್ದ.

ಚನ್ನಬಸವ್ವ ಸರವನ್ನು ಮುಟ್ಟಲಿಲ್ಲ.

"ಹೋದ್ರ ಹೋತು," ಎಂದರು. "ಆ ಡ್ರೈವರ್ ಮನಷ್ಯಾನ ಮ್ಯಾಲ ಕಳವಿನ ಮಾತು ಬರೂದು ನೋಡ್ಕೋತ ಕಾಫಿ ಹ್ಯಾಂಗ ಇಳೀತ್ರಿ ನಿಮಗ?"

ಅಂಗಳದಲ್ಲಿ ಜಲ್ಲಿ ಸದ್ದಾಯಿತು. ಡೆಪ್ಯುಟಿಯ ಕಾರು. ದೀಪಾಲಿ ಊರ್ಮಿಳಾಳ ಮುಖ ನೋಡಿದಳು. ಊರ್ಮಿಳಾ ಏಳಲಿಲ್ಲ. ಅಚ್ಯುತನಿಗೆ ಇಂಗ್ಲಿಷು ಬರುತ್ತದೆ, ತನ್ನ ಮಾತು ತಾನೇ ಹೇಳಲಿ ಎಂದಳು. ಅವನು ಇಳಿದು ಹೋಗಿ ಹೇಳಿದ. ಡೆಪ್ಯುಟಿ ಪುಸ್ತಕವನ್ನು ಜೇಬಿನಿಂದ ತೆಗೆಯಲೇ ಇಲ್ಲ.

ಡೆಪ್ಯುಟಿ ಹೋದ ಮೇಲೆ ಅಚ್ಯುತ ವ್ಯಾನಿನ ಬಳಿ ಬಂದು ಸಾರಿ ಎಂದ. ಸಿದ್ದರಾಜು ಮೆಟ್ಟಿಲಿಂದ ಎದ್ದ. ವ್ಯಾನಿನ ಕೀಲಿ ಅವನ ಕೈಗೆ ಕೊಟ್ಟ.

"ಡಬ್ಲಿನ್ ಗಂಟ ನೀವೇ ಓಡ್ಸಿ ಸಾರ್. ಇವತ್ತು ನಾ ಹಿಂದ್ಗಡೆ ಕೂತ್ಕತೀನಿ."

ಹಿಂದಿನ ಸೀಟಿಗೆ ಹೋಗಿ, ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದ.