ಬಿಸಿಲಿಗೆ ಬಿದ್ದ ಜೀವಾಣು

ಪಿಸ್ತೂಲಿನ ಮೂತಿ ನನ್ನ ಕಿವಿಯ ಹಿಂದೆ ಒತ್ತಿತ್ತು. ನನ್ನ ಕಣ್ಣು ಮಾತ್ರ ಐಸ್ ಪೆಟ್ಟಿಗೆಯ ಮೇಲಿತ್ತು.

ಗಿಲ್ಮಾರ್ ಅದರ ಮುಚ್ಚಳ ತೆಗೆದ. ಒಳಗಿದ್ದ ಪೊಟ್ಟಣಗಳನ್ನು ನನ್ನ ಪಿಕಪ್‌ನ ಬಾನೆಟ್ ಮೇಲೆ ಸಾಲಾಗಿ ಜೋಡಿಸಿದ. ಮಾಟೊ ಗ್ರೊಸೊ ಸೀಮೆಯ ಮಧ್ಯಾಹ್ನ... ಆ ತಗಡು ಮುಟ್ಟಿದರೆ ಬೊಬ್ಬೆ ಏಳುತ್ತದೆ.

"ಸಾಯ್ತಾ ಇವೆಯಾ, ಸಾರ್ಜೆಂಟ್?"

ನಾನು ಪೊಲೀಸ್ ಕೆಲಸ ಬಿಟ್ಟು ಬಹಳ ಕಾಲವಾಯಿತು. ಅವನಿಗದು ಗೊತ್ತು.

"ಸಾಯ್ತಿವೆ. ನಿನ್ನ ಹಾಗೆ ಬಾಯಿ ಬಡ್ಕೊಳ್ಳೋದಿಲ್ಲ, ಅಷ್ಟೇ."

ಪಿಸ್ತೂಲು ಹಿಡಿದು ನನ್ನ ಹಿಂದೆ ನಿಂತಿದ್ದ ಅವನ ಆಳು ಝೆಕಾ ಕಿಸಕ್ಕೆಂದ.

ಪೊಟ್ಟಣದಲ್ಲಿದ್ದದ್ದು ಬ್ಯಾಕ್ಟೀರಿಯಾ. ಸೋಯಾ ಬೀಜಕ್ಕೆ ಹಚ್ಚಿ ಬಿತ್ತಿದರೆ ಬೇರಿನಲ್ಲಿ ಗಂಟು ಕಟ್ಟುತ್ತವೆ. ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತವೆ. ನನ್ನ ಯಜಮಾನಿ ಡೋನಾ ಐವೊನೆಯ ನೆಲ ಮೊನ್ನೆಯವರೆಗೆ ದನದ ಹುಲ್ಲುಗಾವಲು. ಅಲ್ಲಿ ಈ ಜೀವಗಳಿಲ್ಲ. ಮಳೆ ಬಂದಾಗಿದೆ. ಬೀಜ ಕಾದಿದೆ. ಈ ಬಿತ್ತನೆ ಕೆಟ್ಟರೆ ಅವಳು ನೆಲ ಮಾರಬೇಕು. ಕೊಳ್ಳಲು ಗಿಲ್ಮಾರ್ ಬೇಲಿಯಾಚೆಯೇ ಕೂತಿದ್ದಾನೆ.

"ಊರು ಬಿಡೋಕೆ ಹೇಳು ಆ ಹೆಂಗಸಿಗೆ."

"ನೀನೇ ಹೇಳು. ಹೋದ ಸಲ ಅವಳು ನಾಯಿ ಬಿಟ್ಟಾಗ ಚಡ್ಡಿ ಅಲ್ಲೇ ಬಿಟ್ಟು ಓಡಿದ್ಯಂತೆ."

ಝೆಕಾ ಮತ್ತೆ ನಕ್ಕ. ನಗುವವನ ಕೈ ಸಡಿಲ.

ಮೊಣಕೈಯಿಂದ ಅವನ ಗಂಟಲಿಗೆ ಗುದ್ದಿದೆ. ಗುಂಡು ಹಾರಿತು. ಗಾಜು ಪುಡಿಯಾಯಿತು. ಅವನ ಕೂದಲು ಹಿಡಿದು ಮುಖವನ್ನು ಬಾನೆಟ್ಟಿಗೆ ಒತ್ತಿದೆ. ಚರ್ಮ ಚುಯ್ ಎಂದಿತು. ಕೈಬಿಟ್ಟಾಗ ಕೆಳಗೆ ಬಿದ್ದ, ಏಳಲಿಲ್ಲ.

ಗಿಲ್ಮಾರ್ ತನ್ನ ಖಾಲಿ ಹೊಲದೊಳಕ್ಕೆ ಓಡಿದ. ಮುಳ್ಳುತಂತಿ ದಾಟುವಾಗ ಅಂಗಿ ಸಿಕ್ಕಿಕೊಂಡಿತು. ಬೆನ್ನಟ್ಟಿ ಹೋಗಿ ಕೆಡವಿದೆ. ಅವನು ಚಾಕು ತೆಗೆದ. ನನ್ನ ಭುಜ ಸೀಳಿತು. ಆ ಕೈಯನ್ನು ಬೆನ್ನಿಗೆ ತಿರುಚಿದೆ. ಒಣಕಡ್ಡಿಯಂತೆ ಲಟಕ್ಕೆಂದಿತು.

ಅವನನ್ನು ಎಳೆದುಕೊಂಡು ವಾಪಸ್ಸು ಬಂದೆ. ಪೊಟ್ಟಣಗಳು ಉಬ್ಬಿದ್ದವು. ಒಂದನ್ನು ಮುಟ್ಟಿದೆ. ಕುದಿಯುವ ಚಹಾದ ಬಿಸಿ. ಪೇಟೆಯ ಅಂಗಡಿಯಲ್ಲಿದ್ದ ಕೊನೆಯವು ಅವು.

ಐವೊನೆಗೆ ಫೋನ್ ಮಾಡಿ ನಡೆದದ್ದು ಹೇಳಿದೆ.

"ಎಷ್ಟು ಉಳಿದಿವೆ?"

"ಒಂದೂ ಇಲ್ಲ, ಡೋನಾ."

ಫೋನಿನಾಚೆ ಅವಳ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿತ್ತು. ಅದು ನಿಂತಿತು.

"ಎಲ್ಲಿದ್ದೀಯ ಈಗ?"

"ಗಿಲ್ಮಾರನ ಹೊಲದ ಹತ್ರ. ಅವನೂ ಇದ್ದಾನೆ."

"ಅಲ್ಲಿ ಅವರಪ್ಪನ ಕಾಲದಿಂದ ಸೋಯಾ ಬೆಳೀತಿದ್ದಾರೆ, ಮಾರಾಯ. ಆ ಮಣ್ಣಿನ ತುಂಬ ಅವೇ ಹುಳ. ತಂದು ಬೀಜಕ್ಕೆ ಕಲಸಿದ್ರಾಯ್ತು. ಪೊಟ್ಟಣದಷ್ಟು ಚುರುಕಿರಲ್ಲ... ಆದ್ರೂ ಗಂಟು ಕಟ್ತವೆ. ಲಾರಿ ಕಳಿಸ್ತೀನಿ. ಬಿಸಿಲು ಬೀಳದ ಹಾಗೆ, ಸ್ವಲ್ಪ ಆಳದ್ದು ತೆಗಿ."

ಪಿಕಪ್‌ನ ಹಿಂದಿನಿಂದ ಸಲಿಕೆ ತೆಗೆದು ಗಿಲ್ಮಾರನ ಮುಂದೆ ಎಸೆದೆ.

ಅವನು ಬಿಳುಚಿಕೊಂಡು ನನ್ನನ್ನೇ ನೋಡಿದ. "ಕೈ ಮುರಿದಿದೆ ಕಣೋ."

"ಇನ್ನೊಂದಿದೆಯಲ್ಲ. ಅಗೆ."